ಹೆದರದೆ ಬರೆದವನು

ವಿಜಯವಾಡದ ಪಟಮಟದಲ್ಲಿ ಒಂದು ವ್ಯಸನಮುಕ್ತಿ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಸುತ್ತಲಿನ ತೆಲುಗಿನ ನಡುವೆ ಹಿಂದಿನ ಬೆಂಚಿನಿಂದ ಕನ್ನಡ ಕೇಳಿಸಿತು. ಗಂಡ ಹೆಂಡತಿ ಮಾತಾಡುತ್ತಿದ್ದರು.

"ಕಾಲೇಜಿನವರು ಫೋನ್ ಮಾಡಿದ್ರು, ಉಮಾ. ಗಾಂಜಾದ ಬಗ್ಗೆ ಮತ್ತೆ ಆನ್‌ಲೈನ್ ಕ್ಲಾಸ್ ಇದೆಯಂತೆ. ನಾವು ಮಾತಾಡ್ಬೇಕಂತೆ."

"ನಾವಾ?"

"ತಂದೆತಾಯಿ ಹೇಳಿದ್ರೆ ಹುಡುಗರ ಮನಸ್ಸಿಗೆ ನಾಟುತ್ತಂತೆ. ಬೇರೆ ಕಾಲೇಜಿನ ಹುಡುಗರೂ ಕೇಳ್ತಾರಂತೆ, ಇವರ ಕಾಲೇಜಿನ ಹೆಸರು ಮಾತ್ರ ಹೇಳಬಾರದಂತೆ."

"ಹೋದ ಸಲದ ಕ್ಲಾಸಲ್ಲಿ ಏನಂದಿದ್ರು? ಚಟಕ್ಕೆ ಬಿದ್ದವರು ಹೆದರದೆ ನಮಗೆ ಬರೀರಿ, ಯಾರಿಗೂ ಹೇಳಲ್ಲ ಅಂದಿದ್ರು. ನಮ್ಮ ಸಾತ್ವಿಕ್ ನಂಬಿ ಬರೆದ."

"ಗೊತ್ತು ಮಾರಾಯ್ತಿ."

"ಬರೆದವನು ಅವನೊಬ್ಬನೇ. ಅವನಿಗೆ ಟೀಸಿ ಕೊಟ್ಟು ಕಳಿಸಿದ್ರು. ಜೊತೆಗೆ ಸೇದ್ತಿದ್ದವರೆಲ್ಲ ಅಲ್ಲೇ ಓದ್ತಿದ್ದಾರೆ."

"ಬೇರೆ ಮಕ್ಕಳಾದ್ರೂ ಉಳ್ಕೊಳ್ಳಲಿ ಅಂತ..."

"ಒಪ್ಕೊಂಡ್ರಾ?"

"ಹೂಂ ಅಂದ್ಬಿಟ್ಟೆ."

"ಸರಿ, ನಾನೇ ಮಾತಾಡ್ತೀನಿ. ಚಟ ಇದ್ರೆ ನಿಮ್ಮ ಅಮ್ಮಂಗೆ ಹೇಳ್ರಪ್ಪಾ, ಈ ಕಾಲೇಜಿನವರಿಗೆ ಮಾತ್ರ ಬರೀಬೇಡಿ ಅಂತೀನಿ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಸಾತ್ವಿಕ್ ಪೇರೆಂಟ್ಸ್, ರಂಡಿ," ಬನ್ನಿ ಎಂದು ತೆಲುಗಿನಲ್ಲಿ ಒಳಗೆ ಕರೆದಳು.

"ಅವನ ಮುಂದೆ ಈ ಮಾತು ಎತ್ತಬೇಡಿ," ಎಂದು ಗಂಡನಿಗೆ ಹೇಳಿ ಉಮಾ ಎದ್ದರು. "ಬರೆದದ್ದೇ ತಪ್ಪಾಯ್ತು ಅಂತ ದಿನಾ ಅಳ್ತಾನೆ."

ಇಬ್ಬರೂ ಒಳಗೆ ಹೋದರು.