ಮೂಗುತಿ ನನ್ನ ಅಂಗಡಿಯಲ್ಲಿತ್ತು

ಎಲ್ಲರೂ ಕೆಂಡಣ್ಣ ಎಂದು ಕರೆಯುವ ನಾನು, ವಯಸ್ಸು 54, ಇಸ್ತ್ರಿ ಕೆಲಸ, ವಾಸ ದೇವಿ ಗುಡಿಯ ಹಿಂಬಾಗಿಲಿನ ಎದುರು, ಯಾರೂ ಕರೆಸದೆ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಗುಡಿಯಲ್ಲಿ ದೇವಿಗೆ ಸೀರೆ ಉಡಿಸುವವಳು ನನ್ನ ಒಡಹುಟ್ಟಿದ ಅಕ್ಕ, ವಯಸ್ಸು 61. ಇಪ್ಪತ್ತಾರು ವರ್ಷದಿಂದ ಆ ಕೆಲಸ ಅವಳದೇ. ಬಿಚ್ಚಿದ ಸೀರೆ ಒಗೆದು ಇಸ್ತ್ರಿಗೆ ನನ್ನ ಅಂಗಡಿಗೆ ಬರುತ್ತದೆ. ಗುಡಿಯಿಂದ ಅಂಗಡಿಗೆ ನಲವತ್ತು ಹೆಜ್ಜೆ.

ಈ ತಿಂಗಳ 3ನೇ ತಾರೀಕು ಶುಕ್ರವಾರ ಬೆಳಗ್ಗೆ 6-10ಕ್ಕೆ ದೇವಿಯ ಮೂಗುತಿ ಇಲ್ಲದ್ದನ್ನು ಪೂಜಾರಿಯವರು ಕಂಡರು. ಸಂಜೆ 4 ಗಂಟೆಗೆ ಪೊಲೀಸರು ನನ್ನನ್ನು ವಿಚಾರಿಸಿದಾಗ, ಹಿಂದಿನ ಸಂಜೆ ಗರ್ಭಗುಡಿಯಲ್ಲಿ ಅಕ್ಕ ಒಬ್ಬಳೇ ಇದ್ದಳೆಂದೂ, ಒಳಗೆ ಏನು ಮಾಡುತ್ತಾಳೋ ನನಗೆ ತಿಳಿಯದೆಂದೂ ಹೇಳಿದೆನು. ಎರಡನೆಯ ಮಾತು ಸುಳ್ಳು. ನೆರಿಗೆ ಹಿಡಿಯುತ್ತಾ ಅವಳು ದೇವಿಯೊಡನೆ ಮಗಳೊಡನೆ ಮಾತಾಡುವಂತೆ ಮಾತಾಡುವುದು ಹಿಂಬಾಗಿಲಲ್ಲಿ ನಿಂತರೆ ಕೇಳಿಸುತ್ತದೆ. ಪೊಲೀಸರನ್ನು ಕಂಡು ನನ್ನ ಜೀವ ಬಾಯಿಗೆ ಬಂದಿತ್ತು.

ಮರುದಿನ ಶನಿವಾರ 10-30ಕ್ಕೆ, ಗುರುವಾರ ಸಂಜೆ ದೇವಿಗೆ ಬಿಚ್ಚಿದ್ದ ಹಸಿರು ಸೀರೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದಾಗ ಕರ್ರೆಂದು ಸದ್ದಾಯಿತು. ಅಂಚಿನ ಜರಿಯ ಎಳೆಗೆ ಮೂಗುತಿ ಸಿಕ್ಕಿಕೊಂಡಿತ್ತು. ಈಗ ಕೊಟ್ಟರೆ ಅಕ್ಕ ತಮ್ಮ ಇಬ್ಬರೂ ಸೇರಿ ಕದ್ದರೆನ್ನುತ್ತಾರೆಂದು ಹೆದರಿ, ಬೆಂಕಿಪೊಟ್ಟಣದಲ್ಲಿಟ್ಟು ಇದ್ದಿಲಿನ ಚೀಲದ ಕೆಳಗೆ ಬಚ್ಚಿಟ್ಟೆನು. ನಾಳೆ ಹೇಳಿದರಾಯಿತು ಎಂದುಕೊಂಡೆನು.

8ರಂದು ಅಕ್ಕನ ಮನೆ ಶೋಧಿಸಿದರು. ಅವಳ ಟ್ರಂಕನ್ನು ಬೀದಿ ಜನರ ಮುಂದೆ ಅಂಗಳದಲ್ಲಿ ಸುರಿದರು. ಮಣ್ಣಾದ ಅವಳ ಏಳು ಸೀರೆಗಳನ್ನು ನಾನೇ ತಂದು, ಒಗೆಸಿ, ಮರುದಿನ ಇಸ್ತ್ರಿ ಮಾಡಿ ಕೊಟ್ಟೆನು. ಅವನ್ನು ತೆಗೆದುಕೊಳ್ಳುವಾಗ ಅವಳು, “ನೀನೊಬ್ಬ ಇದೀಯಲ್ಲೋ, ಅಷ್ಟು ಸಾಕು ಬಿಡು” ಎಂದಳು. ಆಗಲೂ ಹೇಳಲಿಲ್ಲ.

14ರಂದು ಬೆಳಗ್ಗೆ 11ಕ್ಕೆ ಗುಡಿಯ ಹಿರಿಯರು ಅವಳಿಗೆ ದೇವಿಯ ಮುಂದೆ ಆಣೆ ಮಾಡಲು ಹೇಳಿದರು. ಹೊಸ್ತಿಲು ದಾಟಗೊಡಲಿಲ್ಲ. ಅವಳು ಹೊರಗೇ ಕರ್ಪೂರ ಹಚ್ಚಿ, ತಾನು ಕದ್ದಿಲ್ಲವೆಂದಳು. ಬೇರೆ ಯಾರಿಗಾದರೂ ಗೊತ್ತೇ ಎಂದು ಹಿರಿಯರು ಕೂಗಿ ಕೇಳಿದರು. ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆನು. ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನಂತೆ ಸುಮ್ಮನಿದ್ದೆನು.

15ರಂದು ಬೆಳಗ್ಗೆ 6ಕ್ಕೆ ಪೊಟ್ಟಣ ಹಿಡಿದು ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆನು. ಅವಳು ಬೈಯಲಿಲ್ಲ. ಮೂಗುತಿಯನ್ನು ಬೆಳಕಿಗೆ ಹಿಡಿದು, ಹರಳು ಬಿರುಕು ಬಿಟ್ಟಿಲ್ಲವೆಂದು ನೋಡಿಕೊಂಡಳು. ಆಮೇಲೆ ಅದನ್ನು ನನ್ನ ಕೈಗೇ ಹಿಂತಿರುಗಿಸಿ, “ಹನ್ನೆರಡು ದಿನ ಅಮ್ಮನ್ನ ಬೋಳು ಮೂಗಲ್ಲಿ ನಿಲ್ಲಿಸ್ಬಿಟ್ಯಲ್ಲೋ” ಎಂದು ಬಾಗಿಲು ಹಾಕಿಕೊಂಡಳು. ಅಲ್ಲಿಂದ ನೇರವಾಗಿ ಬಂದು ಮೂಗುತಿಯನ್ನು ಠಾಣೆಗೆ ಒಪ್ಪಿಸಿದೆನು.

ನಿನ್ನೆ ಹಿರಿಯರು ಕ್ಷಮೆ ಕೇಳಿ ಕರೆದರೂ ಅವಳು ಮತ್ತೆ ಸೀರೆ ಉಡಿಸಲು ಒಪ್ಪಲಿಲ್ಲ. ಈ ದಿನ ಬೆಳಗ್ಗೆ 7-20ಕ್ಕೆ ಗುಡಿಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೈಮುಗಿದು, ನನ್ನ ಅಂಗಡಿಯ ಮುಂದೆಯೇ ಹಾದು ಹೋದಳು. ಅಕ್ಕಾ ಎಂದು ಕರೆದೆನು. ತಿರುಗಿ ನೋಡಲಿಲ್ಲ.

ಇದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ. ಈ ಸಲ ಸುಳ್ಳು ಸೇರಿಲ್ಲ.

ಸ್ಥಳ: ಠಾಣೆ
ದಿನಾಂಕ: 17, ಶುಕ್ರವಾರ
ಸಹಿ: (ಎಡಗೈ ಹೆಬ್ಬೆಟ್ಟು)