ಓಗೊಡುವ ಕೋಣೆ

ಮ್ಯೂಸಿಯಂ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಹಿಡಿದುಕೊಂಡ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಬಸ್ಸು ಹಿಡಿಯಬೇಕಾದವರೆಲ್ಲ ಮುಂಭಾಗದ ಹಜಾರದಲ್ಲಿ, ಸೂರಿಗೆ ತೂಗುಹಾಕಿದ್ದ ತಿಮಿಂಗಿಲದ ಎಲುಬುಗಳ ಕೆಳಗೆ ಸಿಕ್ಕಿಬಿದ್ದಿದ್ದರು. ಟಿಕೆಟ್ ಕೊಡುವಾಕೆ ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಬಂದಳು. ಕಾವಲಿನವನು ಮೆಟ್ಟಿಲ ಮೇಲೆ ಕೂತು ಒದ್ದೆ ಬೂಟು ಕಳಚಿದ. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿ ಹೋಗಿಯೇಬಿಟ್ಟಿತು. ಹಿಂದಿನ ಕೋಣೆಯ ಗಾಜಿನ ತೊಟ್ಟಿಗಳಲ್ಲಿ ಸಾಕುವ ಕಪ್ಪೆಗಳನ್ನು ನೋಡಿಕೊಳ್ಳಲು ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಎಲ್ಲರಿಗಿಂತ ಕೊನೆಗೆ ಬಂದು ಕಂಬಕ್ಕೆ ಒರಗಿ ನಿಂತಳು. ಆ ಕೋಣೆಯಲ್ಲಿ ಈ ಸಂಜೆ ತಾನು ಕೇಳಿದ್ದನ್ನು ಯಾರಿಗಾದರೂ ಹೇಳಬೇಕೋ ಬೇಡವೋ ಎಂಬುದು ಅವಳಿಗೆ ತೋಚದಾಗಿತ್ತು. ಹೇಳಿದರೆ ನಗುತ್ತಾರೆ, ಹೇಳದಿದ್ದರೆ ನಾಳೆ ಮತ್ತೆ ಒಬ್ಬಳೇ ಒಳಗೆ ಹೋಗಬೇಕು.

"ಏನಮ್ಮ, ಗರ ಬಡಿದೋಳ ಹಾಗೆ ನಿಂತಿದೀಯಾ?"

ಕೇಳಿದವನು ಬೀರು ತಾತ. ಈ ಕಟ್ಟಡದಲ್ಲಿ ಚಿಟ್ಟೆ, ಹಕ್ಕಿ, ಬೀಜ, ಎಲೆ ಏನೇನು ಇಟ್ಟಿದ್ದಾರೋ ಅವಕ್ಕೆಲ್ಲ ಬೀರು, ಡ್ರಾಯರು ಮಾಡಿಕೊಟ್ಟ ಬಡಗಿ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ದಿನಕ್ಕೊಮ್ಮೆ ಬಂದು ತನ್ನ ಬೀರುಗಳ ಬೆನ್ನು ತಟ್ಟಿ ಹೋಗದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ಈ ಮನೇಲಿ ಗರಕ್ಕೇನು ಬರ ತಾತ? ಒಳಗಿರೋದೆಲ್ಲ ಸತ್ತಿರೋದೇ ಅಲ್ವಾ?" ಎಂದು ಟಿಕೆಟ್ಟಿನಾಕೆ ನಕ್ಕಳು.

"ಸತ್ತಿರೋ ಪ್ರಾಣಿಗಳು ಪಾಪ ಸುಮ್ನಿರ್ತಾವಮ್ಮ... ಸುಮ್ನಿರೋಕಾಗದೋರು ನಾವು, ಮನುಷ್ಯರು." ತಾತ ಹುಡುಗಿಯತ್ತಲೇ ನೋಡುತ್ತ ಬೆಂಚಿನ ಮೇಲೆ ಕಾಲು ಮಡಚಿ ಕೂತ. "ಮಳೆ ಹೆಂಗೂ ನಿಲ್ಲಲ್ಲ. ಕೂತ್ಕೊಳ್ಳಿ ಎಲ್ಲ, ಒಂದು ಹೇಳ್ತೀನಿ. ನೀವು ಕೇಳಿರೋ ದೆವ್ವಗಳೆಲ್ಲ ಕೂಗೋ ದೆವ್ವಗಳು. ಹೆಸರು ಹಿಡಿದು ಕೂಗತ್ತೆ, ನೀವು ಓ ಅಂದ್ರೆ ಮುಗೀತು ಕತೆ. ಹೌದಲ್ವಾ? ಇದು ಹಂಗಲ್ಲ... ಇದು ತಾನೇ ಓ ಅನ್ನೋ ದೆವ್ವ."

ಯಾರೂ ನಗಲಿಲ್ಲ. ಹುಡುಗಿ ಕಂಬದ ಬುಡದಲ್ಲೇ ಕುಸಿದು ಕೂತಳು.

"ಆಗ ನಮ್ಮಲ್ಲಿ ಕಪ್ಪೆ ಮೇಷ್ಟ್ರು ಅಂತ ಒಬ್ರಿದ್ರು. ಮೇಷ್ಟ್ರು ಅಂದ್ರೆ ಶಾಲೆ ಮೇಷ್ಟ್ರಲ್ಲ. ನೋಡೋಕೆ ಬಂದ ಮಕ್ಕಳನ್ನೆಲ್ಲ ನೆಲದ ಮೇಲೆ ಕೂರಿಸ್ಕೊಂಡು ಕಪ್ಪೆ ಪಾಠ ಮಾಡೋರು, ಅದಕ್ಕೆ ಆ ಹೆಸರು ಬಿತ್ತು. ದೂರದ ಬೆಟ್ಟದ ನೆತ್ತಿ ಮೇಲೆ ಒಂದು ಜೌಗು ಇತ್ತಂತೆ. ಆ ಜೌಗು ಬಿಟ್ರೆ ಭೂಮಿ ಮೇಲೆ ಇನ್ನೆಲ್ಲೂ ಸಿಗದ ಒಂದು ಕಪ್ಪೆ, ಹೆಬ್ಬೆರಳ ಗಾತ್ರದ್ದು, ಹೊಟ್ಟೆ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು... ಅದಕ್ಕೆ ಎಲ್ಲಿಂದ್ಲೋ ಬೂಷ್ಟು ರೋಗ ಬಂತು. ಚರ್ಮಕ್ಕೆ ಹತ್ಕೊಳ್ಳೋ ಬೂಷ್ಟು. ಒಂದು ಮಳೆಗಾಲದಲ್ಲಿ ಕಿವಿ ಗುಯ್ಯನ್ನೋ ಹಾಗೆ ಕೂಗ್ತಿದ್ದ ಜೌಗು ಮುಂದಿನ ಮಳೆಗಾಲಕ್ಕೆ ಸುಡುಗಾಡು. ಮೇಷ್ಟ್ರು ಇದ್ದಬದ್ದ ಕಲ್ಲೆಲ್ಲ ಮಗುಚಿ ಹುಡುಕಿ, ಕೊನೆಗೆ ಒಂದು ಜೋಡಿ ಹಿಡಿದು ಒದ್ದೆ ಪಾಚೀಲಿಟ್ಟು ತಂದ್ರು. ಬರೋ ದಾರೀಲಿ ಹೆಣ್ಣು ಸತ್ತೋಯ್ತು. ಗಂಡು ಉಳೀತು. ಒಂದೇ ಒಂದು... ಇಡೀ ಲೋಕಕ್ಕೆ.

"ಆ ಜಾತೀಲಿ ಗಂಡು ಟೊಕ್ ಟೊಕ್ ಅಂತ ಕೂಗಿದ್ರೆ ಹೆಣ್ಣು ಸಣ್ಣಗೆ ಓಗೊಡತ್ತಂತೆ. ಇದೋ, ಸಂಜೆ ಆಯ್ತು ಅಂದ್ರೆ ಕೂಗೋದು, ಸುಮ್ನಾಗೋದು, ಕಿವಿ ಕೊಡೋದು, ಮತ್ತೆ ಕೂಗೋದು. ಕೇಳೋರ ಕರುಳು ಕಿತ್ತು ಬರೋದು. ಮೇಷ್ಟ್ರು ಏನು ಮಾಡಿದ್ರು ಗೊತ್ತಾ? ಹೆಣ್ಣಿನ ದನಿ ಕಲಿತ್ರು! ನಾಲಿಗೇನ ಅಂಗುಳಕ್ಕೆ ಒತ್ತಿ, ಕ್ವಿಕ್ ಅಂತ... ಅಷ್ಟು ನಾಜೂಕು. ಒಂದು ಸ್ಟೂಲು ಹಾಕ್ಕೊಂಡು ತೊಟ್ಟಿ ಮುಂದೆ ಕೂರೋರು. ಅದು ಕೂಗೋದು, ಇವರು ಗಂಟಲು ಸರಿಮಾಡ್ಕೊಂಡು ಓಗೊಡೋದು. ಅನ್ನ ನೀರು ಬಿಟ್ಟಿದ್ದ ಕಪ್ಪೆ ಹುಳ ತಿನ್ನೋಕೆ ಶುರು ಮಾಡ್ತು ಅಂದ್ರೆ ನಂಬ್ತೀರಾ? ನಾವೆಲ್ಲ ಆಡ್ಕೊಂಡು ನಗ್ತಿದ್ವಿ, ಮೇಷ್ಟ್ರು ಎರಡನೇ ಸಂಸಾರ ಹೂಡಿದಾರೆ ಅಂತ. ನಗೋದು ಸುಲಭ... ಮನೇಲಿದ್ದೋರಿಗೆ ನಗು ಬರಬೇಕಲ್ಲ?

"ಮನೇಲಿ ಹೆಂಡತಿ, ಒಬ್ಬಳೇ ಮಗಳು. ಮಗಳೂ ಇಲ್ಲೇ ಕೆಲಸಕ್ಕಿದ್ಲು. ಹೊಟ್ಟು ತುಂಬಿಟ್ಟ ಪ್ರಾಣಿಗಳ ಹಿಂದಿನ ಗೋಡೆ ಮೇಲೆ ಕಾಡು, ಆಕಾಶ ಬರೆಯೋಳು. ಬಣ್ಣದಕ್ಕ ಅಂತಿದ್ವಿ. ಅವಳ ತಾಯಿಗೆ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ್ರು. ಒಂದು ಸಂಜೆ ಆಯಮ್ಮ ಮಗಳ ಕೈ ಹಿಡ್ಕೊಂಡು 'ಅವ್ರು ಬಂದ್ರಾ, ಅವ್ರು ಬಂದ್ರಾ' ಅಂತ ಒಂದೇ ಸಮ. ಇವಳು ತಡೀಲಾರದೆ ಓಡಿಬಂದ್ಲು ಇಲ್ಲಿಗೆ, ಇಂಥದೇ ಮಳೇಲಿ. 'ಅಪ್ಪಾ, ಅಮ್ಮ ಕರೀತಿದಾಳೆ, ಏಳು' ಅಂದ್ರೆ ಮೇಷ್ಟ್ರು ತಿರುಗೂ ನೋಡಲಿಲ್ಲ. ಬೆರಳು ಎತ್ತಿ, 'ಶ್... ಇದೊಂದು ಕೂಗು ಮುಗೀಲಿ, ಬಂದೆ' ಅಂದ್ರು. ಒಂದು ಕೂಗು! ಅವಳು ನಿಂತು ನೋಡಿದ್ಲು, ಹಿಂತಿರುಗಿ ಹೋದ್ಲು. ಹೋಗೋ ಹೊತ್ತಿಗೆ ತಾಯಿ ಮುಖಕ್ಕೆ ಬಟ್ಟೆ ಮುಚ್ಚಿದ್ರು.

"ಅವತ್ತಿಂದ ಅಪ್ಪನ ಹತ್ತಿರ ಮಾತು ನಿಂತೋಯ್ತು. ಜಗಳ ಇಲ್ಲ, ಅಳು ಇಲ್ಲ. ತಟ್ಟೆ ಇಡೋಳು, ಬಡಿಸೋಳು, ಎದ್ದು ಹೋಗೋಳು. ಒಳಕೋಣೆಯಿಂದ 'ಮಗಾ... ಮಗಾ' ಅಂತ ಕರೀತಿದ್ರೆ ಕೇಳಿಸದ ಹಾಗೆ ಕೂತಿರೋಳು. ಅಪ್ಪ ಕರೆದೂ ಕರೆದೂ ಸುಸ್ತಾಗಿ, ಛತ್ರಿ ತಗೊಂಡು ಇಲ್ಲಿಗೆ ಬಂದುಬಿಡೋರು. ಇಲ್ಲಿ ಮಾತಾಡಿದ್ರೆ ಕೇಳೋ ಒಂದು ಜೀವ ಇತ್ತಲ್ಲ... ಕೊನೆಗೆ ಒಂದಿನ ಆ ಸ್ಟೂಲಿನ ಮೇಲೇ ಗೋಡೆಗೆ ತಲೆ ಆನಿಸಿ ಪ್ರಾಣ ಬಿಟ್ರು. ತೊಟ್ಟಿ ಒಳಗೆ ಕಪ್ಪೆ ಕೂಗ್ತಾನೇ ಇತ್ತು."

ಚಾವಣಿಯ ಗಾಜಿನ ಮೇಲೆ ಮಳೆ ಹರಳು ಸುರಿದಂತೆ ಸುರಿಯುತ್ತಿತ್ತು. ಕಾವಲಿನವನು ತನಗೆ ಗೊತ್ತಿಲ್ಲದೆಯೇ ಕುಂಡೆ ಜರುಗಿಸಿ ಉಳಿದವರ ಹತ್ತಿರಕ್ಕೆ ಬಂದಿದ್ದ. ಹುಡುಗಿಗೆ ಮಾತ್ರ ಮೈಯೆಲ್ಲ ಕಿವಿಯಾಗಿತ್ತು.

"ಆಮೇಲೆ?" ಎಂದಳು, ಪಿಸುದನಿಯಲ್ಲಿ.

"ಆಮೇಲೆ... ಬಣ್ಣದಕ್ಕ ಪಕ್ಕದ ಹಾಲಲ್ಲಿ ಒಂದು ದೊಡ್ಡ ಗೋಡೆ ಬರೀತಿದ್ಲು. ಅಪ್ಪ ಹೋಗಿ ಇನ್ನೂ ಕಣ್ಣೀರು ಆರಿರಲಿಲ್ಲ... ಅಥವಾ ಕಣ್ಣೀರೇ ಬಂದಿರಲಿಲ್ವೋ ಏನೋ, ಆ ಹೆಣ್ಣಿನ ಹೊಟ್ಟೇಲಿ ಏನಿತ್ತೋ ಯಾರು ಕಂಡೋರು? ಸಂಜೆ ಆಯ್ತು, ಕಪ್ಪೆ ಟೊಕ್ ಟೊಕ್ ಅಂತು. ಅವಳು ಕುಂಚ ಎತ್ತಿದ್ಲು. ಕ್ವಿಕ್ ಅಂತ ಉತ್ತರ ಬಂತು. ಗೋಡೆ ಹಲ್ಲಿ ಇರಬೇಕು ಅಂದ್ಕೊಂಡ್ಲಂತೆ. ಮತ್ತೆ ಕೂಗ್ತು. ಈ ಸಲ ಉತ್ತರಕ್ಕೆ ಮುಂಚೆ... ಹ್ಞು ಹ್ಞೂಂ ಅಂತ ಯಾರೋ ಗಂಟಲು ಸರಿಮಾಡ್ಕೊಂಡ್ರು. ಹಲ್ಲಿ ಎಲ್ಲಾದ್ರೂ ಗಂಟಲು ಸರಿಮಾಡ್ಕೊಳ್ಳತ್ತಾ? ನೀವೇ ಹೇಳಿ.

"ಹೋಗಿ ನೋಡಿದ್ರೆ ಕೋಣೆ ಖಾಲಿ. ಸ್ಟೂಲು ಖಾಲಿ. ಕಪ್ಪೆ ಮಾತ್ರ ಗಾಜಿಗೆ ಹೊಟ್ಟೆ ಒತ್ತಿ, ಆ ಖಾಲಿ ಸ್ಟೂಲನ್ನೇ ಎವೆಯಿಕ್ಕದೆ ನೋಡ್ತಾ ಕೂತಿದೆ. ಅವಳು ಹೆದರಲಿಲ್ಲಮ್ಮ... ಅವಳಿಗೆ ಸಿಟ್ಟು ಬಂತು. ಸತ್ತ ಮೇಲೂ ಇದರ ಹತ್ತಿರಾನೇ ಬಂದ್ಯಾ ಅಂತ ಹಲ್ಲು ಕಚ್ಚಿ ಬಾಗಿಲು ಹಾಕ್ಕೊಂಡು ಹೋದ್ಲು. ಹೀಗೇ ಒಂದು ಮಳೆಗಾಲ ಪೂರ್ತಿ ನಡೀತು. ಕೂಗು, ಓಗೊಡೋದು. ಕೂಗು, ಓಗೊಡೋದು. ಹೊಸಬರು ಯಾರೂ ಆ ಕಡೆ ಕಾಲಿಡ್ತಿರಲಿಲ್ಲ.

"ಒಂದು ಬೆಳಿಗ್ಗೆ ನೋಡಿದ್ರೆ ಕಪ್ಪೆ ಬೆನ್ನು ಅಡಿಯಾಗಿ ತೇಲ್ತಿತ್ತು. ಅಲ್ಲಿಗೆ ಆ ಜಾತಿ ದೀಪ ಆರಿತು. ಮ್ಯೂಸಿಯಂ ದೊಡ್ಡ ಸಾಹೇಬ್ರು ಬಂದು ತಲೆ ಬಗ್ಗಿಸಿ ನಿಂತ್ರು. ಸ್ಪಿರಿಟ್ ತುಂಬಿದ ಜಾಡೀಲಿ ಅದನ್ನ ಇಳಿಬಿಟ್ಟು, ಮೇಣ ಹಾಕಿ, ನಾನು ಮಾಡಿದ್ದ ಬೀರುವಲ್ಲೇ ಇಟ್ರು. ಪೀಡೆ ತೊಲಗ್ತು ಅಂತ ನಾವು ಉಸಿರು ಬಿಟ್ವಿ. ಆದ್ರೆ ಸಂಜೆ ಆಯ್ತು ನೋಡಿ... ಕೂಗೋಕೆ ಯಾರೂ ಇಲ್ಲ, ಖಾಲಿ ತೊಟ್ಟಿ. ಹ್ಞು ಹ್ಞೂಂ... ಕ್ವಿಕ್. ಸ್ವಲ್ಪ ಹೊತ್ತು ಸುಮ್ನೆ. ಮತ್ತೆ ಹ್ಞು ಹ್ಞೂಂ... ಕ್ವಿಕ್. ಕೂಗೇ ಇಲ್ಲ, ಬರೀ ಉತ್ತರ! ಕಿವಿ ಮಂದವಾದ ಮುದುಕರು ಯಾರೂ ಕರೀದೆ ಇದ್ರೂ 'ಆಂ? ಆಂ?' ಅಂತಿರ್ತಾರಲ್ಲ, ಹಂಗೆ. ದಿನಾ ದಿನಾ ಆ ದನಿ ಗಾಬರಿ ಆಗ್ತಾ ಹೋಯ್ತು. ಜಾತ್ರೇಲಿ ಮಗು ಕಳ್ಕೊಂಡೋರು ಓಡಾಡೋ ಹಾಗೆ, ಕೋಣೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಜಾಡಿಗಳ ಸಂದೀಲಿ, ಬೀರುಗಳ ಒಳಗೆ...

"ಸಾಹೇಬ್ರು ನನ್ನ ಕರೆಸಿದ್ರು. 'ಆ ಬಾಗಿಲಿಗೆ ಹಲಗೆ ಹೊಡೆದುಬಿಡಪ್ಪ, ಜನ ಕೆಲಸ ಬಿಡ್ತಿದಾರೆ' ಅಂದ್ರು. ನಾನು ಸುತ್ತಿಗೆ ಮೊಳೆ ತಗೊಂಡು ಹೋದೆ. ಬಾಗಿಲಲ್ಲಿ ಬಣ್ಣದಕ್ಕ ನಿಂತಿದ್ಲು. 'ಅಣ್ಣಾ, ಒಂದು ಗಳಿಗೆ ತಡಿ' ಅಂದ್ಲು. ಒಳಗೆ ಹೋದ್ಲು. ಇಲ್ಲಿಂದ ಮುಂದಿನದು ನನ್ನ ಈ ಎರಡು ಕಿವಿಯಲ್ಲೇ ಕೇಳಿದ್ದು, ಒಬ್ಬರು ಹೇಳಿದ್ದಲ್ಲ.

"ಅವಳು 'ಅಪ್ಪಾ' ಅಂದ್ಲು. ಎಷ್ಟು ಕಾಲದ ಮೇಲೆ ಆ ಮಾತು ಅವಳ ಬಾಯಿಂದ ಬಂತೋ, ಒಡೆದ ಮಡಕೆ ಹಾಗಿತ್ತು ದನಿ. ಒಳಗಿದ್ದ ಸದ್ದು ಗಕ್ಕನೆ ನಿಂತೋಯ್ತು. ಅವಳು ಇನ್ನೊಂದು ಸಲ ಅಂದ್ಲು, 'ಅಪ್ಪಾ'. ಆಗ... ಹ್ಞು ಹ್ಞೂಂ ಅಂತ ಗಂಟಲು ಸರಿಹೋಯ್ತು. 'ಓ' ಅಂದ್ರು. ಕಪ್ಪೆ ದನಿ ಅಲ್ಲ. ಮೇಷ್ಟ್ರದ್ದೇ.

"ನನ್ನ ಕೈಲಿದ್ದ ಮೊಳೆ ಎಲ್ಲ ನೆಲದ ಪಾಲು. ಒಳಗೆ ಅವಳು ಅಳ್ತಿದ್ಲು. 'ನೀನು ಕರೆದಾಗೆಲ್ಲ ಕೇಳಿಸ್ತಿತ್ತಪ್ಪ, ಬೇಕೂ ಅಂತಾನೇ ಓ ಅನ್ನಲಿಲ್ಲ' ಅಂದ್ಲು. 'ನಿನ್ನ ಕಪ್ಪೆ ಹೋಯ್ತು. ಇಲ್ಲಿ ನಿನ್ನ ಕೂಗೋರು ಯಾರೂ ಇಲ್ಲ. ಅಮ್ಮ ಅವತ್ತಿಂದ ಕೂಗ್ತಾನೇ ಇದಾಳೆ. ಇಲ್ಲಿ ಇರಬೇಡ. ಅವಳ ಹತ್ತಿರ ಹೋಗು' ಅಂದ್ಲು. ಒಳಗೆ ಸ್ಟೂಲು ಹಿಂದಕ್ಕೆ ಸರಿದ ಸದ್ದು. ಆಮೇಲೆ... ನನ್ನ ಭುಜ ಸವರಿಕೊಂಡು ಯಾರೋ ಹಾದುಹೋದ್ರು. ಕಣ್ಣಿಗೆ ಏನೂ ಇಲ್ಲ. ಒದ್ದೆ ಪಾಚಿ ವಾಸನೆ, ಚಪ್ಪಲಿ ಸದ್ದು. ಆ ಸದ್ದು ಕಾರಿಡಾರು ದಾಟ್ತು, ಈ ಹಜಾರ ದಾಟ್ತು, ಅಗೋ ಆ ಬಾಗಿಲಿಂದ ಮಳೆಗಿಳೀತು. ತಡವಾಯ್ತು ಅಂತ ಓಡೋರ ನಡಿಗೆ ಹೆಂಗಿರತ್ತೆ? ಹಂಗೇ."

ಟಿಕೆಟ್ಟಿನಾಕೆ ಮೂಗೊರೆಸಿಕೊಂಡಳು. "ಸದ್ಯ, ಹೋದ್ರಲ್ಲ ತಾತ. ನೆಮ್ಮದಿಯಾಯ್ತು ಬಿಡು."

"ಹೋದ್ರಮ್ಮ. ಮತ್ತೆ ಆ ದನಿ ಕೇಳಿಸಲಿಲ್ಲ. ಹಲಗೆ ಹೊಡೆಯೋ ಕೆಲಸಾನೂ ತಪ್ತು. ಆದ್ರೆ ಬಣ್ಣದಕ್ಕನಿಗೆ ಆ ಕೋಣೆ ಅಂಟಿಕೊಂಡ್ತು. ಎಲ್ಲೆಲ್ಲಿಂದ್ಲೋ ರೋಗ ಬಿದ್ದ ಜೌಗುಗಳ ಕಪ್ಪೆಗಳು ಬರ್ತಾ ಇದ್ವು. ಜೊತೆ ಸತ್ತ ಒಂಟಿ ಕಪ್ಪೆ ಬಂತು ಅಂದ್ರೆ ಸಾಕು, ಕೆಲಸ ಮುಗಿಸಿ, ಕೈ ತೊಳ್ಕೊಂಡು ಬಂದು, ಓಗೊಡ್ತಾ ಕೂರೋಳು. ಅಪ್ಪನ ಹಾದಿ ಹಿಡೀಬೇಡ ಮಾರಾಯ್ತಿ ಅಂತ ನಾನು ಬೈತಿದ್ದೆ. 'ಮನೇಲಿ ನನ್ನ ಕಾಯೋರು ಯಾರಿದಾರಣ್ಣ?' ಅನ್ನೋಳು. ಮದುವೆ ಮಕ್ಕಳು ಏನೂ ಆಗಲಿಲ್ಲ ಅವಳಿಗೆ. ಹೋದ ಮಳೆಗಾಲದಲ್ಲಿ ತೀರ್ಕೊಂಡ್ಲು, ದೂರದ ಊರಲ್ಲಿ... ನಾವು ಯಾರೂ ಹೋಗೋಕೂ ಆಗಲಿಲ್ಲ."

ಮಳೆ ತುಸು ತಗ್ಗಿತು. ಆ ಬಿಡುವಿನಲ್ಲಿ ಹಿಂದಿನ ಕಾರಿಡಾರಿನ ಕಡೆಯಿಂದ ಕಪ್ಪೆಯ ಕೂಗು ಕೇಳಿಸಿತು. ಹದಿನೈದು ದಿನದ ಹಿಂದೆ ಬಂದಿದ್ದ ಒಂಟಿ ಕಪ್ಪೆ. ಕೂಗಿತು, ನಿಲ್ಲಿಸಿತು. ಬಂದ ಮೊದಲ ವಾರ ಅದು ಬಿಡುವಿಲ್ಲದೆ ಅರಚಿ ಏನನ್ನೂ ತಿನ್ನದೆ ಒಣಗಿತ್ತು. ಈಗ ನಿಂತು ನಿಂತು ಕೂಗುತ್ತದೆ, ಹೊಟ್ಟೆ ತುಂಬ ತಿನ್ನುತ್ತದೆ. ಮೇಲಿನವರು ಅವಳನ್ನೇ ಹೊಗಳಿದ್ದರು.

"ತಾತ..." ಎಂದಳು. "ಸಂಜೆ ಹೊತ್ತು ಆ ಕೋಣೇಲಿ ಟರ್ಪೆಂಟೈನ್ ವಾಸನೆ ಬರತ್ತೆ. ಅಲ್ಲಿ ಯಾರೂ ಬಣ್ಣ ಹಚ್ತಿಲ್ಲ. ಇವತ್ತು... ಇವತ್ತು ಅದು ಕೂಗಿದ ಮೇಲೆ, ನನ್ನ ಹಿಂದೇನೇ, ಒಂದು ಹೆಂಗಸಿನ ದನಿ..."

ಕಾವಲಿನವನು ಕೈಗೆ ಸಿಕ್ಕಿದ ಬೂಟನ್ನು ಹಿಡಿದುಕೊಂಡು ಎದ್ದು ನಿಂತ. ಕಾರಿಡಾರಿನ ಕತ್ತಲಲ್ಲಿ ಕಪ್ಪೆ ಇನ್ನೊಮ್ಮೆ ಕೂಗಿ, ತೃಪ್ತಿಯಿಂದ ಎಂಬಂತೆ ಸುಮ್ಮನಾಯಿತು.

"ಅಪ್ಪನ್ನ ಕಳಿಸೋಕೆ ಮಗಳಿದ್ಲು," ಎಂದ ತಾತ ಕೊನೆಗೆ, ಹುಡುಗಿಯ ಮುಖವನ್ನೇ ನೋಡುತ್ತ. "ಆ ಮಗಳನ್ನ ಹೋಗು ಅನ್ನೋಕೆ ಯಾರಿದಾರೆ ಹೇಳಮ್ಮ?"