ಸ್ಟೇಷನ್ ಪಕ್ಕದ ಅರವತ್ತು ಮನೆ

ಥೂ! ಸಕ್ಕರೆ ಹಾಕ್ಬೇಡ ಕಣೇ, ಬಾಯೆಲ್ಲ ಕಹಿಯಾಗಿದೆ, ಯಾವ ಸಕ್ಕರೆಗೂ ಹೋಗಲ್ಲ. ಆ ಭಾಷಣ ಕೇಳಿದಾಗಿನಿಂದ ಹೀಗೇ... ಹೇಸಿಗೆ, ಹೇಸಿಗೆ! ನೀನೂ ಕೇಳಿದ್ಯಲ್ಲ ಸಯೀದಾ, ನಮ್ಮ ನ್ಯೂಜೆರ್ಸಿಯ ಹೊಸ ಗವರ್ನರ್ ಭಾಷಣ? ಕರೆಂಟ್ ಬಿಲ್ ಏರಿಸೋ ಹಾಗಿಲ್ಲ ಅಂದ್ರು. ಸರಿ, ನಾನೇನು ಬೇಡ ಅಂದೆನಾ? ಆಮೇಲೆ ಶುರುವಾಯ್ತು ನೋಡು... ಡೇ ಕೇರ್‌ಗೆ ಸರ್ಕಾರದ ದುಡ್ಡು, ಪ್ರತಿ ಟೌನ್‌ನಲ್ಲೂ ಕಮ್ಮಿ ಬಾಡಿಗೆ ಮನೆ! ನಮ್ಮ ಟೌನ್ ಪಾಲಿಗೆ ಅರವತ್ತು. ಅರವತ್ತು! ಅದೂ ಎಲ್ಲಿ? ಟ್ರೇನ್ ಸ್ಟೇಷನ್ ಪಕ್ಕ. ಎಲ್ಲರ ಕಣ್ಣೆದುರಿಗೆ.

ಯಾಕೆ ನಗ್ತೀಯ? ನಗಬೇಡ, ಆ ಮನೆ ಇಲ್ಲಿ ಬೇಡ ಅನ್ನೋ ಈ ಅರ್ಜಿಗೆ ಸಹಿ ಹಾಕು ಮೊದಲು. ಇಲ್ಲಿ, ಶಂಕರನಾರಾಯಣ ಅವರ ಹೆಸರಿನ ಕೆಳಗೆ. ಮಂಗಳವಾರ ಕೌನ್ಸಿಲ್ ಮೀಟಿಂಗ್. ಮೈಕ್ ಮುಂದೆ ಒಬ್ಬೊಬ್ಬರಿಗೆ ಮೂರೇ ನಿಮಿಷವಂತೆ. ಸಾಕು ನಂಗೆ! ಈ ಶೈಲಜಾ ಏನು ಅಂತ ಗೊತ್ತಾಗುತ್ತೆ ಅವರಿಗೆ. ನೀನೊಬ್ಬಳು ಸಹಿ ಹಾಕಿದ್ರೆ ಮಸೀದಿ ಕಡೆ ಹೆಂಗಸರೆಲ್ಲ ಹಾಕ್ತಾರೆ, ನಿನ್ನ ಮಾತಂದ್ರೆ ಅವರಿಗೆ ಅಷ್ಟು. ನಿನ್ನ ಗಂಡ ಫಾರೂಕ್‌ಗೂ ಹೇಳು.

ಬಡವರ ಮೇಲೆ ನಂಗೇನೂ ದ್ವೇಷ ಇಲ್ಲಪ್ಪ. ಕಟ್ಟಲಿ, ಎಲ್ಲಾದ್ರೂ ಕಟ್ಟಲಿ. ಇಲ್ಲಿ ಬೇಡ ಅಷ್ಟೇ. ನಾವು ಈ ನ್ಯೂಜೆರ್ಸಿಗೆ ಬಂದಾಗ ಯಾರು ಕೊಟ್ರು ಮನೆ? ಆ ಹಳೇ ಬಿಲ್ಡಿಂಗು ನೆನಪಿದೆ ತಾನೆ? ನೀನು ಮೇಲಿನ ಮಹಡಿ, ನಾನು ಕೆಳಗೆ, ಚಳಿಗಾಲ ಪೂರ್ತಿ ಹೀಟರ್ ಕೆಟ್ಟು ಒಲೆ ಮುಂದೆ ಕೂತಿರ್ತಿದ್ವಿ. ಯಾವ ಗವರ್ನರ್ ಬಂದಿದ್ರು ಕೇಳೋಕೆ?

ಇನ್ನು ಆ ಡೇ ಕೇರ್! ಹೆತ್ತವರಿಗೆ ಏನಾಗಿದೆ? ನಾನು ಹಂಸಿನೀನ ಇಟ್ಕೊಂಡೇ ಕೆಲಸಕ್ಕೆ ಹೋಗ್ಲಿಲ್ವಾ? ಯಾರ ಮುಂದಾದ್ರೂ ಕೈ ಚಾಚಿದ್ನಾ? ...ಹಾಗೆ ನೋಡ್ಬೇಡ. ಸರಿ, ಸರಿ... ನೀನು ನೋಡ್ಕೊಂಡೆ. ಐದು ವರ್ಷ. ನಿನ್ನ ಝೀಶಾನ್ ಜೊತೆ ಕೂರಿಸಿ ಊಟ ಮಾಡಿಸಿ, ಮಲಗಿಸಿ... ಅವಳು ಮೊದಲು ಅಮ್ಮ ಅಂದಿದ್ದೂ ನಿನ್ನನ್ನೇ. ಮರೆತಿಲ್ಲ ಕಣೇ. ಆದ್ರೆ ಅದು ಸ್ನೇಹ. ಸ್ಕೀಮ್ ಅಲ್ಲ.

ಹಂಸಿನಿ ಚೆನ್ನಾಗಿದ್ದಾಳೆ. ಮ್ಯಾನ್‌ಹಟನ್‌ನಲ್ಲೇ, ಅದೇ ಬ್ಯಾಂಕು. ಉಸಿರಾಡೋಕೂ ಪುರಸೊತ್ತಿಲ್ಲ. ವಿಕ್ರಾಂತೂ ಹಾಗೇ, ಪಾಪ, ಒಳ್ಳೇ ಅಳಿಯ. ಮಗು ವಿಭಾ ಪಟಪಟ ಮಾತಾಡ್ತಾಳೆ. ನಿನ್ನೇನೂ ಫೋನ್ ಮಾಡಿದ್ರು... ನೀನು ಕೇಳಲೇ ಇಲ್ಲ, ಅಲ್ವಾ? ನಾನೇ ಹೇಳ್ತಿದ್ದೀನಿ. ಬಿಡು.

ಆ ಮನೆಗಳಿಗೆ ಎಂಥವರು ಬರ್ತಾರೆ ಗೊತ್ತಾ? ಗಂಡನ್ನ ಬಿಟ್ಟು ಬಂದೋರು! ಹೊಂದ್ಕೊಂಡು ಹೋಗೋಕೆ ಬರದೋರು! ಅಷ್ಟೆಲ್ಲ ಓದಿ, ಒಳ್ಳೇ ಕೆಲಸಾನೂ ಕಳ್ಕೊಂಡು, ಕೊನೆಗೆ ಡೇ ಕೇರ್‌ನಲ್ಲಿ ಯಾರದೋ ಮಕ್ಕಳ ಡಯಾಪರ್ ಬದಲಾಯಿಸೋರು. ಥೂ, ಹೇಳೋಕೇ ಅಸಹ್ಯ. ಬೆಳಿಗ್ಗೆ ಟ್ರೇನ್‌ಗೆ ಹೋಗೋ ನಮ್ಮ ಜನ ಎಲ್ಲ ನಿಂತು ನೋಡಲ್ವಾ? ಅರೆ, ಇವಳು ಶೈಲಜಾ ಮಗಳಲ್ವಾ ಅಂತ...

...ಯಾರದೋ ಮಗಳು ಅಂತ. ಮಾತಿಗೆ ಹೇಳಿದೆ.

ಯಾಕೆ ಪೆನ್ ಕೆಳಗಿಟ್ಟೆ? ಬಾಯಿ ತಪ್ಪಿ ಬಂತು ಅಂದ್ನಲ್ಲ. ಬೈಯೋದಾದ್ರೆ ಬೈದುಬಿಡು.

ಸಯೀದಾ... ಶನಿವಾರ ಲೈಬ್ರರೀಲಿ ಕೂತು ಜನಕ್ಕೆ ಫಾರ್ಮ್ ತುಂಬಿ ಕೊಡ್ತೀಯಲ್ಲ ನೀನು. ಯಾವ ಫಾರ್ಮು? ಇನ್‌ಕಮ್ ಟ್ಯಾಕ್ಸ್‌ದು ಅಂದಿದ್ದೆ ನೀನು. ಈ ಕಮ್ಮಿ ಬಾಡಿಗೆ ಮನೆಗಳದ್ದೂನಾ?

ಹಂಸಿನಿ ಬಂದಿದ್ಲಾ?

...ಬಂದಿದ್ಲು. ನಿನ್ನ ಮುಖಾನೇ ಹೇಳ್ತಿದೆ.

ಹಾಗಿದ್ರೆ ಆ ಕಾಗದಾನೂ ಓದಿದ್ದೀಯ. ನನ್ನ ಕಾಗದ. ನೋಡು, ಅದು ಬರೀ ಫಾರ್ಮ್‌ಗೋಸ್ಕರ. ಈಗಿರೋ ಮನೆಯವರು ಇನ್ನು ಇಟ್ಕೊಳ್ಳೋಕಾಗಲ್ಲ ಅಂತ ಬರೆದುಕೊಟ್ರೆ ಮನೆ ಬೇಗ ಸಿಗುತ್ತಂತೆ. ಅವಳೇ ಕೇಳಿದ್ಲು, ಬರೆದೆ. ಎಲ್ಲರೂ ಬರೆದು ಕೊಡ್ತಾರೆ. ಎಲ್ಲೋ ದೂರದ ಊರಲ್ಲಿ ಕೊಡ್ತಾರೆ ಅಂದ್ಕೊಂಡಿದ್ದೆ, ನಮ್ಮ ಸ್ಟೇಷನ್ ಪಕ್ಕಾನೇ ಕಟ್ತಾರೆ ಅಂತ ಯಾರಿಗೆ ಗೊತ್ತಿತ್ತು? ಸುಮ್ನೆ ಬರೆದ ಕಾಗದ ಕಣೇ ಅದು, ಯಾವ ತಾಯಿಯಾದ್ರೂ ನಿಜವಾಗ್ಲೂ...

ಹಾಗೆ ನೋಡ್ಬೇಡ ಅಂದೆ.

ಒಂದು ಸಾಲು ಸಾಕು ಅಂದಿದ್ಲು. ನಾನು ಒಂದು ಪುಟ ಬರೆದೆ. ಮರ್ಯಾದೆ ಕಳೆದ್ಲು ಅಂತ, ನನ್ನ ಮನೇಲಿ ಇವಳಿಗೆ ಜಾಗ ಇಲ್ಲ ಅಂತ... ಓದಿದ್ದೀಯಲ್ಲ, ನಾನೇನು ಹೇಳೋದು. ಒಂದೂವರೆ ವರ್ಷ ನನ್ನ ಬೇಸ್‌ಮೆಂಟಲ್ಲಿದ್ಲು, ನಿನಗೂ ಹೇಳಲಿಲ್ಲ ನಾನು. ಗೌರಿ ಹಬ್ಬಕ್ಕೆ ಜನ ಬರ್ತಾರೆ, ಮಗೂನ ಕರ್ಕೊಂಡು ಕೆಳಗೇ ಇರು ಅಂದೆ. ಮಗು ಕೇಳುತ್ತಾ? ಮೆಟ್ಟಿಲು ಹತ್ತಿ ಬಂದು ಎಲ್ಲರೆದುರಿಗೆ ನನ್ನ ಸೀರೆ ಹಿಡ್ಕೊಂಡ್ಲು. ಯಾರ ಮಗು ಇದು, ಇಷ್ಟು ಮುದ್ದಾಗಿದೆ ಅಂತ ಮಂಜರಿ ಕೇಳಿದ್ಲು. ಬೇಸ್‌ಮೆಂಟ್ ಬಾಡಿಗೆಯವರ ಮಗು ಅಂದೆ. ನಗ್ತಾ ಅಂದೆ ಸಯೀದಾ! ಹಂಸಿನಿ ಮೆಟ್ಟಿಲ ಮೇಲೇ ನಿಂತಿದ್ಲು, ಕೇಳಿಸ್ಕೊಂಡ್ಲು. ಅತ್ತಿದ್ರೆ, ಜಗಳ ಆಡಿದ್ರೆ... ಇಲ್ಲ. ಮಾರನೇ ಬೆಳಿಗ್ಗೆ ಬಂದು ಆ ಕಾಗದ ಕೇಳಿದ್ಲು ಅಷ್ಟೇ.

ಥೂ. ಗವರ್ನರ್ ಮೇಲೆ ಉಗೀತಿದ್ದೀನಿ ನಾನು!

ಎಲ್ಲಿದ್ದಾಳೆ ಅವಳು? ನಂಗೊತ್ತಿಲ್ಲ ಕಣೇ. ಫೋನ್ ಎತ್ತಲ್ಲ. ಮ್ಯಾನ್‌ಹಟನ್ ಆಚೆ ಫ್ಲಶಿಂಗ್‌ನಲ್ಲಿರೋ ದೇವಸ್ಥಾನದ ಕ್ಯಾಂಟೀನಲ್ಲಿ ಯಾರೋ ನೋಡಿದೆ ಅಂದ್ರು, ಎರಡು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ಕೂತು ಬಂದೆ. ಫಾರ್ಮ್‌ನಲ್ಲಿ ವಿಳಾಸ ಕೊಟ್ಟಿರ್ತಾಳಲ್ಲ? ಏನಂತ ಕೊಟ್ಲು? ಮನೆ ನಂಬರ್ ಬೇಡ. ಬರೀ ಊರಿನ ಹೆಸರು ಹೇಳು ಸಾಕು. ವಿಭಾಗೆ ಶೀತ ಆದ್ರೆ ಉಬ್ಬಸ ಬರುತ್ತೆ, ಈ ಚಳೀಲಿ ಹೇಗಿದ್ದಾಳೋ...

ಸಯೀದಾ?

ಅಮ್ಮಂಗೆ ಹೇಳ್ಬೇಡಿ ಅಂದ್ಲಾ?